ಅಂಗನವಾಡಿ ತಟ್ಟೆಗೂ ಅಳತೆಯಿದೆ

ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಬಸುರಿ ಹೆಂಗಸು ಮಧ್ಯಾಹ್ನ ಅಂಗನವಾಡಿಗೆ ಊಟಕ್ಕೆ ಹೋಗಬೇಕೆಂದರೆ ಲಾಳಿ ನಿಲ್ಲಿಸಿ ಏಳಬೇಕು. ಬಾದಾಮಿ ಕಡೆ ಕಳೆ ತೆಗೆಯಲು ಹೋದವಳಿಗೆ ಹೊಲದಿಂದ ಊರೇ ದೂರ. ಅದರ ಮೇಲೆ, "ನಮ್ ಮನ್ಯಾಗ ಕೂಳಿಲ್ಲೇನು, ಅಲ್ಲಿ ಹೋಗಿ ಉಣ್ಣಾಕ?" ಎನ್ನುವ ಅತ್ತೆ. ಅತ್ತೆಗೆ ಯಾರಾದರೂ ತಿಳಿಸಿ ಹೇಳಬೇಕಾದದ್ದು ಇಷ್ಟು: ಈ ಊಟಕ್ಕೆ ಬಿಪಿಎಲ್ ಕಾರ್ಡು ಬೇಕಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಂ ಬಸುರಾದಾಗಿನಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ಪ್ರತಿ ತಾಯಿಗೂ ಉಚಿತ ಊಟ ಕೊಡುತ್ತದೆ. 5ನೇ ಕಲಂ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೂ ಅದೇ ಹಕ್ಕು ಕೊಟ್ಟಿದೆ. ಬಡವರು, ಉಳ್ಳವರು ಎಂಬ ವಿಂಗಡಣೆ ಅಲ್ಲಿಲ್ಲ.

ಊಟ ಎಂದರೆ ಎಷ್ಟು? ಅದನ್ನೂ ಕಾಯ್ದೆಯೇ ಬರೆದಿಟ್ಟಿದೆ. ಎರಡನೇ ಅನುಸೂಚಿ ಮೊದಲು ಹಾಕಿದ ಲೆಕ್ಕದಲ್ಲಿ ಬಸುರಿ ಬಾಣಂತಿಯರಿಗೆ 600 ಕ್ಯಾಲೊರಿ, 18ರಿಂದ 20 ಗ್ರಾಂ ಪ್ರೋಟೀನ್. ಮಕ್ಕಳಿಗೆ 500 ಕ್ಯಾಲೊರಿ, 12ರಿಂದ 15 ಗ್ರಾಂ. ತೂಕ ಕುಂದಿದ ಮಕ್ಕಳಿಗೆ 800 ಕ್ಯಾಲೊರಿ, 20ರಿಂದ 25 ಗ್ರಾಂ. 2023ರ ಜನವರಿಯ ತಿದ್ದುಪಡಿ ಕಬ್ಬಿಣ, ಸುಣ್ಣದಂಶ, ವಿಟಮಿನ್ನುಗಳನ್ನೂ ಲೆಕ್ಕಕ್ಕೆ ತಂದಿತು. ತಟ್ಟೆ ನೋಡಿ ಗ್ರಾಂ ಅಳೆಯುವುದು ಯಾರಿಗೂ ಆಗದು, ಆದರೆ ಒಂದು ಸುಲಭದ ಲೆಕ್ಕವಿದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಒಂದು ಲೋಟ, ಅಂದರೆ 200 ಮಿಲಿ ಹಾಲಿನಲ್ಲೂ ಹೆಚ್ಚೂಕಡಿಮೆ ಅಷ್ಟೇ. ಇವೆರಡೂ ತಟ್ಟೆಯಿಂದ ಜಾರಿದವೆಂದರೆ ಅನ್ನ, ನೀರು ಸಾರಿನಿಂದ ಹೊಟ್ಟೆ ತುಂಬೀತು, ಕಾನೂನಿನ ಅಳತೆ ತುಂಬದು. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ತಟ್ಟೆಯಲ್ಲಿ ಅನ್ನ, ಬೇಳೆ ತರಕಾರಿಯ ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಎಲ್ಲ ಸೇರಿದ್ದು ಈ ಕಾರಣಕ್ಕೆ. ತಿಂಗಳಿಗೆ 25 ದಿನದ ಊಟ. ವರ್ಷಕ್ಕೆ 300 ದಿನವಾಯಿತು.

ಮೊಟ್ಟೆ ತಿನ್ನದವರ ಮನೆಗಳು ನಮ್ಮ ಕಡೆ ಬಹಳ. ಅವರು ಬರೀ ಅನ್ನ ಉಂಡು ಬರಬೇಕಿಲ್ಲ, ಬದಲಿಗೆ ಮೊಳಕೆ ಕಾಳು ಕೇಳಿ ಪಡೆಯಬಹುದು. ಆದರೆ ಬದಲಿ ಬೇಕೋ ಬೇಡವೋ ಎಂದು ಹೇಳಬೇಕಾದವಳು ಉಣ್ಣುವವಳು. "ಈ ಓಣಿಯವರು ತತ್ತಿ ತಿನ್ನಂಗಿಲ್ಲ" ಎಂದು ಬೇರೆ ಯಾರೋ ತೀರ್ಮಾನಿಸಿ ಎಲ್ಲರ ಮೊಟ್ಟೆ ನಿಲ್ಲಿಸಲು ಬರುವುದಿಲ್ಲ.

ಮನೆಯ ತಟ್ಟೆಗೆ ಯಾವ ಕಾಯ್ದೆಯೂ ಇಲ್ಲ. ಪಡಿತರ ಅಂಗಡಿಯ ಅಕ್ಕಿ ಚೀಲ ಬಂದ ಮೇಲೆ ಜೋಳದ ರೊಟ್ಟಿಯ ಬುಟ್ಟಿ ಸಣ್ಣದಾದ ಮನೆಗಳನ್ನು ಹುನಗುಂದದ ಎರೆ ಸೀಮೆಯಲ್ಲೂ ಕಾಣಬಹುದು, ಅದೂ ಜೋಳ ಬೆಳೆಯುವ ನೆಲದಲ್ಲಿ. ರೊಟ್ಟಿ, ಮಡಕಿ ಕಾಳಿನ ಪಲ್ಲೆ, ಪುಂಡಿ ಪಲ್ಲೆ, ಮೇಲೊಂದಿಷ್ಟು ಗುರೆಳ್ಳು ಹಿಂಡಿ: ಪುಷ್ಟಿಯ ಪಾಠ ಹೇಳಲು ಬರುವವರು ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಅಜ್ಜಿಯರ ಹತ್ತಿರ ಒಮ್ಮೆ ಉಂಡು ಬರಲಿ.

ಇನ್ನು ಕಾಗದಪತ್ರ. ತಾಯಿ ಕಾರ್ಡು ಜೊತೆಗಿರಲಿ. ಮಗುವಿಗೆ ಆಧಾರ್ ಆಗಿಲ್ಲವೆಂದು ವಾಪಸು ಕಳಿಸಿದರೆ, 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪನ್ನು ನೆನಪಿಸಿ. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ತಪ್ಪಿಸಬಾರದು, ಬೇರೆ ದಾಖಲೆ ನೋಡಿ ಕೊಡಬೇಕು ಎಂದಿದೆ ಸುಪ್ರೀಂ ಕೋರ್ಟ್. ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ತಾಯಿ ಕಾರ್ಡನ್ನು ಊರಲ್ಲಿ ಬಿಟ್ಟು ಹೋಗಬಾರದು; ಆಹಾರ ಭದ್ರತಾ ಕಾಯ್ದೆ ಇಡೀ ದೇಶದ್ದು.

ಊಟ ಸರಿಯಿಲ್ಲ ಎಂದಾಗ ಅಂಗನವಾಡಿ ಟೀಚರಮ್ಮನ ಮೇಲೆ ಹರಿಹಾಯುವುದು ನಮಗೆ ರೂಢಿ. ಗೌರವಧನಕ್ಕೆ ದುಡಿಯುವ ಆಕೆಯ ಕೈಗೆ ಸಾಮಾನೇ ಬಂದಿರಲಿಕ್ಕಿಲ್ಲ. ಮೊದಲು ಬಾಲವಿಕಾಸ ಸಮಿತಿಯಲ್ಲಿ ಮಾತೆತ್ತಿ. ದಾಸ್ತಾನು ಪುಸ್ತಕ ತೋರಿಸದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ; ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ಮೇಲ್ವಿಚಾರಕಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಿವಿಗೊಡದಿದ್ದರೆ ಕಾಯ್ದೆಯ 15ನೇ ಕಲಮಿನ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಕೊಡಿ, ಅಲ್ಲೂ ಸಮಾಧಾನವಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ನಿವಾರಣಾಧಿಕಾರಿ ಹೇಳಿದ ಪರಿಹಾರವನ್ನು ಕಾರಣವಿಲ್ಲದೆ ಕೊಡದ ನೌಕರನಿಗೆ 33ನೇ ಕಲಂ 5,000 ರೂಪಾಯಿವರೆಗೆ ದಂಡ ಹಾಕಲು ಬಿಟ್ಟಿದೆ. ಬಾಯಿಮಾತಿನ ದೂರು ಅಲ್ಲಿಯವರೆಗೆ ನಡೆಯುವುದಿಲ್ಲ; ಬರೆದುಕೊಡಿ.

ಅಂಗನವಾಡಿಯೇ ಇಲ್ಲದ ತಾಂಡಾ, ಆಲಮಟ್ಟಿ ಹಿನ್ನೀರಿಗೆ ಎದ್ದುಬಂದು ಹೊಸದಾಗಿ ಕೂತ ಓಣಿ? ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದಂತೆ, ಆರು ವರ್ಷದೊಳಗಿನ 40 ಮಕ್ಕಳಿರುವ ಹಳ್ಳಿಯ ಜನವಸತಿ ಅಥವಾ ಕೊಳೆಗೇರಿಯವರು ಕೇಳಿದ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು. ಮಕ್ಕಳ ಹೆಸರು, ವಯಸ್ಸಿನ ಪಟ್ಟಿ ಮಾಡಿ ಅರ್ಜಿಗೆ ಲಗತ್ತಿಸಿ, ನಕಲಿನ ಮೇಲೆ ಕಚೇರಿಯ ಸೀಲು ಒತ್ತಿಸಿಕೊಳ್ಳಿ. ಮೂರು ತಿಂಗಳ ಎಣಿಕೆಗೆ ಆ ಸೀಲಿನ ತಾರೀಖೇ ಸಾಕ್ಷಿ.