ಹೊಸತೊಡಕಿಗೆ ಮಾರಬಾರದ ಹುಂಜ

ಯುಗಾದಿ ಹತ್ತಿರವಾದಂತೆ ನಮ್ಮ ಮಂಡ್ಯ ಸೀಮೆಯಲ್ಲಿ ನಾಟಿ ಕೋಳಿಯ ಬೆಲೆ ಏರುತ್ತದೆ. ಹಬ್ಬದ ಮಾರನೆಯ ದಿನದ ಹೊಸತೊಡಕಿಗೆ ಬಾಡೂಟ ಆಗಲೇಬೇಕು. ಕೊಳ್ಳಲು ಬಂದವರ ಕಣ್ಣು ಬೀಳುವುದು ಹಿತ್ತಿಲಲ್ಲಿ ಎದೆಯುಬ್ಬಿಸಿ ನಿಂತ ತೂಕದ ಹುಂಜದ ಮೇಲೆಯೇ. ಒಳ್ಳೆಯ ದುಡ್ಡು ಬರುತ್ತದೆಂದು ಅದನ್ನು ಕೊಟ್ಟುಬಿಡುತ್ತಾರೆ. ಉಳಿಯುವುದು ಯಾರಿಗೂ ಬೇಡವಾದ ಸಣಕಲು. ಮುಂದಿನ ಮರಿಗಳಿಗೆಲ್ಲ ಅದೇ ಅಪ್ಪ. ನಾಲ್ಕಾರು ಹಬ್ಬ ಹೀಗೇ ಕಳೆದರೆ ಹಿತ್ತಿಲ ತಳಿಯೇ ಕುಗ್ಗುತ್ತದೆ. ಯಾವ ಕೋಳಿಯನ್ನು ಮಾರಬಾರದು ಎಂದು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಮನೆಯಲ್ಲಿ ಮರಿ ಮಾಡಿಸುವವರಿಗೆ ನಾನು ಹೇಳುವ ಮೊದಲ ಮಾತು ಇದು.

ಹುಂಜದಷ್ಟೇ ಮುಖ್ಯ, ಕಾವಿಗೆ ಕೂರುವ ತಾಯಿ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಬಂದರೆ ಮೊಟ್ಟೆ ನಿಂತುಹೋಗುತ್ತದೆ. ಮೊಟ್ಟೆ ಮಾರುವವರಿಗೆ ಇದು ನಷ್ಟ. ಅದಕ್ಕೇ ಹೆಚ್ಚು ಮೊಟ್ಟೆಯಿಡುವ ತಳಿಗಳಲ್ಲಿ ಕಾವಿನ ಗುಣ ಕಡಿಮೆಯಾಗುತ್ತ ಬಂದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಬೇಗ ಬೆಳೆಯುತ್ತದೆ, ನಾಟಿಗಿಂತ ಹೆಚ್ಚು ಮೊಟ್ಟೆ ಕೊಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ಅದು ಮಿಶ್ರತಳಿಯಾದ್ದರಿಂದ ಅದರ ಮೊಟ್ಟೆಯನ್ನು ನಾಟಿ ಕೋಳಿಯಡಿ ಇಟ್ಟು ಮರಿ ಮಾಡಿಸಿದರೂ ಮರಿಗಳೆಲ್ಲ ಹೆತ್ತವರಂತೆ ಬರುವುದಿಲ್ಲ. ನಮ್ಮ ಹಿತ್ತಿಲಲ್ಲಿ ಒಂದು ಕೆಂಪು ಹೇಂಟೆ ಇದೆ. ಹದ್ದಿನ ನೆರಳು ಬಿದ್ದರೆ ಸಾಕು, ಮರಿಗಳನ್ನು ಲಂಟಾನದ ಪೊದೆಗೆ ನುಗ್ಗಿಸಿ ತಾನು ಬಾಗಿಲಿಗೆ ನಿಲ್ಲುತ್ತದೆ. ಅದಕ್ಕೂ ಗಿರಾಕಿ ಬಂದಾಗ ನಮ್ಮತ್ತೆ, "ಮೊಟ್ಟೆ ಕಮ್ಮಿ ಆದ್ರೂ ಚಿಂತಿಲ್ಲ ಕಣವ್ವ, ಮರಿ ಉಳಿಸೋ ತಾಯಿನ ಮಾರಬ್ಯಾಡ" ಎಂದರು. ಈಗಿರುವ ಹೇಂಟೆಗಳಲ್ಲಿ ಹೆಚ್ಚಿನವು ಅದರ ಸಂತಾನ.

ಕಾವಿಗೆ ಇಡುವ ಮೊಟ್ಟೆ ವಾರದೊಳಗಿನದಾಗಿರಬೇಕು. ಅತಿ ದೊಡ್ಡದು, ಅತಿ ಸಣ್ಣದು, ಸೊಟ್ಟಗಿರುವುದು ಬೇಡ. ತೊಳೆಯಲೂ ಬಾರದು, ಚಿಪ್ಪಿನ ಮೇಲಿನ ತೆಳುಪೊರೆ ಹೋದರೆ ಕೊಳೆ ಒಳಕ್ಕಿಳಿಯುತ್ತದೆ. ಚೂಪು ತುದಿ ಕೆಳಗೆ ಮಾಡಿ ತಂಪಾದ ಮೂಲೆಯಲ್ಲಿಟ್ಟರೆ ಸಾಕು. ಮಂಕರಿಗೆ ಬೂದಿ, ಅದರ ಮೇಲೆ ಹುಲ್ಲು, ಹೇನಿಗೆ ಬೇವಿನ ಸೊಪ್ಪು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಅತ್ತೆ ಒಂದು ಕಬ್ಬಿಣದ ಮೊಳೆಯನ್ನೂ ಇದ್ದಿಲಿನ ಚೂರನ್ನೂ ಇಡುತ್ತಾರೆ. ನಾನು ಅವನ್ನು ತೆಗೆಯುವುದಿಲ್ಲ. ಕೋಳಿಯನ್ನು ಕತ್ತಲಾದ ಮೇಲೆ ಕೂರಿಸಿದರೆ ಗಲಾಟೆಯಿಲ್ಲದೆ ಕೂರುತ್ತದೆ. ಅಂಚಿನ ಮೊಟ್ಟೆಯನ್ನು ಕೊಕ್ಕಿನಿಂದ ಎಳೆದು ನಡುವಿಗೆ ತಂದುಕೊಳ್ಳುವುದು, ಹೊರಳಿಸುವುದು ಎಲ್ಲವೂ ಅದಕ್ಕೇ ಗೊತ್ತು. ಯಂತ್ರದಲ್ಲಿಟ್ಟರೆ 37.5 ಡಿಗ್ರಿ ಶಾಖ, ತೇವ, ಹೊರಳಿಸುವ ಕೆಲಸ ಎಲ್ಲವನ್ನೂ ನಾವೇ ಕಾಯಬೇಕು. ಕರೆಂಟು ಕೈಕೊಡುವ ನಮ್ಮೂರಿಗೆ ಕೋಳಿಯೇ ಸರಿ.

ಏಳನೆಯ ರಾತ್ರಿ ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ನೋಡಿದರೆ ಜೇಡರ ಬಲೆಯಂತೆ ಕೆಂಪು ನರಗಳು ಹರಡಿರುತ್ತವೆ. ನಡುವೆ ಒಂದು ಕಪ್ಪು ಚುಕ್ಕೆ ಅಲುಗಾಡುತ್ತದೆ. ಕೆಲವು ಮೊಟ್ಟೆ ಏನೂ ಇಲ್ಲದೆ ತಿಳಿಯಾಗಿ ಬೆಳಗುತ್ತವೆ. ಹುಂಜ ಕೂಡಿಲ್ಲದ ಮೊಟ್ಟೆ ಅವು. ಇನ್ನು ಕೆಲವದರಲ್ಲಿ ನರಗಳಿಲ್ಲದೆ ರಕ್ತದ ಒಂದು ಉಂಗುರ ಮಾತ್ರ ಕಾಣುತ್ತದೆ. ಒಳಗಿನ ಜೀವ ಹೋಗಿದೆ. ಮರಿ ಮಾಡಿಸುವವರ ಲೆಕ್ಕಪುಸ್ತಕ ಈ ಬೆಳಕಿನಲ್ಲಿದೆ. ತಿಳಿ ಮೊಟ್ಟೆ ಜಾಸ್ತಿಯಾದರೆ ಹುಂಜಕ್ಕೆ ಹೇಂಟೆಗಳು ಹೆಚ್ಚಾಗಿವೆಯೇ, ಅದಕ್ಕೆ ವಯಸ್ಸಾಯಿತೇ ಎಂದು ನೋಡುತ್ತೇನೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಉಂಗುರದವು ಜಾಸ್ತಿಯಾದರೆ ಮೊಟ್ಟೆ ಹಳತಾಗಿತ್ತೇ ಎಂದು ಮೊದಲು ವಿಚಾರಿಸಿ, ಆಮೇಲೆ ಅಪ್ಪ-ಮಗಳ ಕೂಟ ನಡೆದಿದೆಯೇ ಎಂದು ನೋಡುತ್ತೇನೆ. ಎಷ್ಟು ಚೆನ್ನಾದ ಹುಂಜವಾದರೂ ಅದರ ಹೆಣ್ಣುಮರಿಗಳು ಮೊಟ್ಟೆಗೆ ಬರುವ ಹೊತ್ತಿಗೆ ಬೇರೆ ಊರಿನ ನೆಂಟರ ಹಿತ್ತಿಲಿಗೆ ಕೊಟ್ಟು, ಅವರದ್ದನ್ನು ತರಬೇಕು. ಹುಂಜ ಬದಲಾದ ಕೂಡಲೇ ಮರಿಯ ಅಪ್ಪ ಬದಲಾಗುವುದಿಲ್ಲ. ಹೇಂಟೆಯ ಒಡಲಲ್ಲಿ ಹಳೆಯ ಹುಂಜದ ಬೀಜ ಎರಡು ವಾರದವರೆಗೂ ಇರಬಹುದು. ಹಾಗಾಗಿ ಮೂರು ವಾರದ ಮೊಟ್ಟೆಯನ್ನು ಅಡುಗೆಗೆ ಬಳಸಿ, ಆಮೇಲಿನದನ್ನು ಕಾವಿಗೆ ಕೂಡಿಡುತ್ತೇನೆ.

ಹದಿನೆಂಟನೆಯ ದಿನದಿಂದ ಮೊಟ್ಟೆ ಮುಟ್ಟುವುದಿಲ್ಲ. ಇಪ್ಪತ್ತನೆಯ ದಿನ ಮಂಕರಿಗೆ ಕಿವಿಗೊಟ್ಟರೆ ಚಿಪ್ಪಿನೊಳಗಿಂದಲೇ ಚಿಂವ್‌ಗುಟ್ಟುವುದು ಕೇಳುತ್ತದೆ, ತಾಯಿಯೂ ಕೆಳದನಿಯಲ್ಲಿ ಓಗೊಡುತ್ತದೆ. ಒಂದು ಸಣ್ಣ ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು ಒಂದು ಹಗಲೇ ಹಿಡಿಯಬಹುದು. ಆಗ ಕರುಣೆಯಿಂದ ಚಿಪ್ಪು ಸುಲಿಯಬಾರದು. ಒಳಪೊರೆಯ ರಕ್ತನಾಳ ಇನ್ನೂ ಬತ್ತಿರುವುದಿಲ್ಲ, ಭಂಡಾರ ಹೊಟ್ಟೆಯೊಳಕ್ಕೆ ಪೂರ್ತಿ ಸೇರಿರುವುದಿಲ್ಲ. ಆ ಭಂಡಾರವೇ ಹುಟ್ಟಿದ ಮರಿಗೆ ಒಂದೆರಡು ದಿನದ ಊಟ.

ಆಮೇಲಿನ ದೊಡ್ಡ ಭಯ ಕೊಕ್ಕರೆ ರೋಗ. ಮೊದಲ ವಾರ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ, ಎಂಟನೆಯ ವಾರಕ್ಕೆ ಚುಚ್ಚುಮದ್ದು ಆಗಲೇಬೇಕು. ಒಂದು ಸೀಸೆ ನೂರಕ್ಕೂ ಹೆಚ್ಚು ಕೋಳಿಗಾಗುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕಾಗಿ ನಮ್ಮ ಬೀದಿಯವರೆಲ್ಲ ಮಾತಾಡಿಕೊಂಡು, ಕಾವಿಗೆ ಬಂದ ಕೋಳಿಗಳನ್ನು ಒಂದೇ ವಾರದಲ್ಲಿ ಕೂರಿಸುತ್ತೇವೆ. ಮರಿಗಳೆಲ್ಲ ಒಟ್ಟಿಗೇ ಆಗುತ್ತವೆ, ಒಂದು ಸೀಸೆಯ ಲಸಿಕೆ ಐದಾರು ಮನೆಗೆ ಸಾಲುತ್ತದೆ.