ದಿನದ ಧಮ್ಮ ಚಿಂತನೆ: ಬಾಗಿಲು ತೆರೆದ ಮೇಲೂ ಹೊರಗುಳಿದವರು

ಇಂದಿನ ಅಧ್ಯಯನದ ವಿಷಯ: *ವಿದ್ಯೆ ಎಲ್ಲರಿಗೂ.* ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಸದ್ಧಮ್ಮ ಎಂದರೇನು ಎಂದು ವಿವರಿಸುವಾಗ ಬಾಬಾಸಾಹೇಬರು ಕೆಲವು ಮಾತುಗಳನ್ನು ಮೆಟ್ಟಿಲಿನಂತೆ ಒಂದರ ಮೇಲೊಂದು ಇಡುತ್ತಾರೆ. ಧಮ್ಮವು ವಿದ್ಯೆಯನ್ನು ಎಲ್ಲರಿಗೂ ತೆರೆದಿಡಬೇಕು. ಬರೀ ವಿದ್ಯೆ ಸಾಲದು, ಅದು ಒಣ ಪಾಂಡಿತ್ಯವಾಗಿಬಿಡಬಹುದು. ಬೇಕಾದದ್ದು ಪ್ರಜ್ಞೆ. ಆ ಪ್ರಜ್ಞೆಯ ಜೊತೆಗೆ ಶೀಲ, ಕರುಣೆ, ಮೈತ್ರಿ ಇರಬೇಕು. ಈ ಮೆಟ್ಟಿಲುಗಳಲ್ಲಿ ನಮ್ಮ ಮನೆ ಎಲ್ಲಿ ನಿಂತಿದೆ ಎಂದು ನಾನು ಈಚೆಗೆ ಕೇಳಿಕೊಳ್ಳಬೇಕಾಯಿತು. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

*ವಿದ್ಯೆಯ ಸೀಮೆ, ಯಾರ ವಿದ್ಯೆ?*

ನಮ್ಮ ಶಿಕಾರಿಪುರ, ಸೊರಬದ ಸೀಮೆ ವಿದ್ಯೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1065ರಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ ದಾಖಲೆ ಶಾಸನದಲ್ಲಿದೆ. ಅಲ್ಲಿ ತಾರಾ ಭಗವತಿಯ ಪೂಜೆ ನಡೆಯುತ್ತಿತ್ತು. ಅದೇ ಊರಿನ ಕೋಡಿಯ ಮಠದ ಬಗ್ಗೆ 1162ರ ಶಾಸನ ಹೇಳುತ್ತದೆ: ಅಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯಗಳ ಜೊತೆ ಬೌದ್ಧ ದರ್ಶನದ ವ್ಯಾಖ್ಯಾನವೂ ಇತ್ತು, ದೀನರಿಗೆ, ಅನಾಥರಿಗೆ, ಕುರುಡರಿಗೆ ಅನ್ನದಾನವೂ ಇತ್ತು. ಪಕ್ಕದ ಬನವಾಸಿಗೆ ಅಶೋಕನ ಕಾಲದಲ್ಲೇ ರಕ್ಖಿತ ಥೇರರು ಧಮ್ಮ ತಂದರೆಂದು ಮಹಾವಂಸ ಹೇಳುತ್ತದೆ.

ಇದನ್ನು ಓದಿ ಹೆಮ್ಮೆ ಪಡೋಣ. ಆದರೆ ಒಂದು ಪ್ರಶ್ನೆ ಇಟ್ಟುಕೊಂಡೇ ಹೆಮ್ಮೆ ಪಡೋಣ. ಇಷ್ಟು ವಿದ್ಯೆ ಇದ್ದ ಸೀಮೆಯಲ್ಲಿ ನಮ್ಮ ಕೇರಿಯವರು ಅಕ್ಷರ ಕಂಡದ್ದು ಯಾವಾಗ? ಬುದ್ಧ ಭಗವಾನರು ಕಸ ಗುಡಿಸುವ ಸುನೀತನನ್ನು ಹತ್ತಿರ ಕರೆದು ಸಂಘಕ್ಕೆ ಸೇರಿಸಿಕೊಂಡರು. ಆ ದಾರಿ ನಮ್ಮ ಸೀಮೆಯಲ್ಲಿ ಮುಚ್ಚಿಹೋದ ಮೇಲೆ ಅನ್ನ ಸಿಕ್ಕವರಿಗೂ ಅಕ್ಷರ ಸಿಗಲಿಲ್ಲ.

*ಧಾರವಾಡದ ಹುಡುಗ, 1856*

1856ರ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ್ ಹುಡುಗ ಸರ್ಕಾರಕ್ಕೆ ಅರ್ಜಿ ಹಾಕಿದ. ಅವನು ಕೇಳಿದ್ದು ಸರ್ಕಾರಿ ಶಾಲೆಯಲ್ಲಿ ಒಂದು ಜಾಗ, ಅಷ್ಟೇ. ಮುಂಬಯಿ ಸರ್ಕಾರ ಏನು ಮಾಡಿತು ನೋಡಿ. ತತ್ವಕ್ಕೆ ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪಿತು. ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ ಎಂದು ಬಾಗಿಲು ಮುಚ್ಚಿತು. 1928ರಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಕೊಟ್ಟ ಹೇಳಿಕೆಯಲ್ಲಿ ಬಾಬಾಸಾಹೇಬರು ಈ ಪ್ರಕರಣವನ್ನು ಎತ್ತಿ ಹೇಳಿದ್ದಾರೆ.

ಆ ಹುಡುಗನ ಮೇಲೆ ಯಾರೂ ಬೈಗುಳ ಬರೆಯಲಿಲ್ಲ ಎಂಬುದನ್ನು ಗಮನಿಸಿ. ‘ನಿನ್ನ ಮಾತು ಸರಿ, ಆದರೆ…’ ಎಂದರು. ಈ ‘ಆದರೆ’ ಎಂಬ ಪದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

*ನಮ್ಮ ಮನೆಯ ಪಾಠಶಾಲೆ*

ನಮ್ಮೂರು ಸೊರಬ ತಾಲ್ಲೂಕು. ಹಳೇ ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸರ್ಕಾರಿ ಶಾಲೆಗಳನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕೆಂದು ಆದೇಶವಾಯಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಬೇಕೆಂದು ಹೇಳಿತು. ಆದೇಶ ಮೈಸೂರಿನಿಂದ ಹೊರಟಿತ್ತು, ನಮ್ಮ ಕೇರಿಗೆ ಮುಟ್ಟಲು ಬಹಳ ಕಾಲ ಹಿಡಿಯಿತು. ನಮ್ಮ ಅಜ್ಜ ಶಾಲೆಯ ಜಗಲಿಯ ಕೆಳಗೆ, ಅಂಗಳದಲ್ಲಿ ಕೂತು ಮರಳಿನ ಮೇಲೆ ಬೆರಳಲ್ಲಿ ಅ, ಆ ತಿದ್ದಿದವರು. ಮಳೆಗಾಲ ಶುರುವಾದರೆ ಅವರ ಶಾಲೆ ಮುಗಿಯಿತು. ಮಲೆನಾಡಿನ ಅಂಚಿನ ಮಳೆ ನಿಮಗೆ ಗೊತ್ತೇ ಇದೆ. ಸತಾರದ ಶಾಲೆಯಲ್ಲಿ ಬಾಲಕ ಭೀಮರಾಯರು ಮನೆಯಿಂದ ಗೋಣಿಚೀಲ ಹೊತ್ತು ಹೋಗಿ ಬೇರೆ ಕೂರುತ್ತಿದ್ದ ಕಥೆಯನ್ನು ನಾನು ಓದಿ ಹೇಳಿದಾಗ ಅಜ್ಜ, “ಅವರಿಗೆ ತಲೆ ಮೇಲೆ ಸೂರಾದ್ರೂ ಇತ್ತಲ್ಲ” ಅಂದಿದ್ದರು.

ಅಪ್ಪ ಒಳಗೆ ಕೂತರು, ಕೊನೆಯ ಸಾಲಿನಲ್ಲಿ. ನಾಲ್ಕನೇ ಕ್ಲಾಸಿಗೆ ಬಿಟ್ಟು ಗೌಡರ ಮನೆಯ ದನ ಕಾಯಲು ಹೋದರು. ನನ್ನ ಪಾಳಿ ಬರುವ ಹೊತ್ತಿಗೆ ಸಂವಿಧಾನ ಇತ್ತು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇತ್ತು, ವಿದ್ಯಾರ್ಥಿವೇತನ ಇತ್ತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ. ಅದರ ಹಣದಲ್ಲೇ ನಾನು ಪದವಿ ಮುಗಿಸಿ ಮೇಷ್ಟ್ರಾದೆ. ಭಾಷಣದಲ್ಲಿ ನಾನು ಈ ಕಥೆ ಎಷ್ಟೋ ಸಲ ಹೇಳಿದ್ದೇನೆ: ಅಜ್ಜ ಅಂಗಳ, ಅಪ್ಪ ಕೊನೆ ಸಾಲು, ನಾನು ಕರಿಹಲಗೆಯ ಮುಂದೆ. ಜನ ಚಪ್ಪಾಳೆ ತಟ್ಟುತ್ತಾರೆ.

ಆ ಕಥೆಯಲ್ಲಿ ನಾನು ಒಬ್ಬರನ್ನು ಬಿಟ್ಟಿದ್ದೆ. ನನಗಿಂತ ಐದು ವರ್ಷ ದೊಡ್ಡವಳಾದ ನಮ್ಮಕ್ಕ.

ಅಕ್ಕ ಶಾಲೆಗೆ ಹೋದದ್ದು ಒಂದು ವರ್ಷವೂ ಇಲ್ಲ. ನನ್ನನ್ನು, ತಮ್ಮನನ್ನು ಎತ್ತಿ ಆಡಿಸಲು ಜನ ಬೇಕಿತ್ತು. ಅವ್ವ ಅಪ್ಪ ಇಬ್ಬರೂ ಕೂಲಿಗೆ. ಅಪ್ಪ ಆಗಾಗ ಹೇಳುತ್ತಿದ್ದರು, “ಇದು ಗಂಡಾಗಿದ್ರೆ ಓದಿಸ್ತಿದ್ದೆ, ಬಾಳ ಚುರುಕೈತಿ.” ನಾನು ಹಾಸ್ಟೆಲ್‌ಗೆ ಹೊರಟ ದಿನ ತಗಡಿನ ಟ್ರಂಕ್ ಕೊಂಡದ್ದು ಅಕ್ಕ ಭತ್ತದ ನಾಟಿ ಮಾಡಿ ತಂದ ಕೂಲಿಯಲ್ಲಿ.

*ಓದಲಾಗದವರಿಗೆ ಕರಪತ್ರ*

ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಿಂದ ಕಟ್ಟಿ ಬೆಳೆಸಿದ ದಲಿತ ಸಂಘರ್ಷ ಸಮಿತಿಯ ಗಾಳಿ ನಮಗೂ ತಟ್ಟಿತ್ತು. 1986ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾದದ್ದು, ಆಮೇಲೆ ಸರ್ಕಾರ ಆ ಸೇವೆ ನಿಷೇಧಿಸಿದ್ದು ನಮ್ಮ ಹಿರಿಯರಿಗೆಲ್ಲ ನೆನಪಿದೆ. ಆ ದಿನಗಳಲ್ಲಿ ನಾನು ಊರೂರಲ್ಲಿ ಕರಪತ್ರ ಹಂಚುತ್ತಿದ್ದೆ. ಅಕ್ಕನಿಗೂ ಒಂದು ಕೊಟ್ಟೆ. ಅವಳು ಅದನ್ನು ಮಡಚಿ ಎಲೆ ಅಡಿಕೆ ಕಟ್ಟಿಕೊಂಡಳು. ನನಗೆ ಸಿಟ್ಟು ಬಂತು. ಹರಕೆಯ ಹೆಸರಲ್ಲಿ ಬೆಟ್ಟ ಹತ್ತಿಸುವ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಆ ಕರಪತ್ರ ಓದಬಲ್ಲರು ಎಂದು ನಾನು ಯೋಚಿಸಲೇ ಇಲ್ಲ. ಬರೀ ವಿದ್ಯೆ ಅಂದರೆ ಅದೇ. ನನಗೆ ಅಕ್ಷರ ಇತ್ತು, ಅಕ್ಕನ ಕೈ ಕಾಣಲಿಲ್ಲ.

*ಮತ್ತೆ ಅದೇ ‘ಆದರೆ’*

ಈ ವರ್ಷ ಅಕ್ಕನ ಮೊಮ್ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಶಿಕಾರಿಪುರಕ್ಕೆ ಹೋಗಿ ಪಿಯುಸಿ ವಿಜ್ಞಾನ ಓದಬೇಕೆಂಬುದು ಅವಳ ಆಸೆ. ಅವಳ ಅಪ್ಪ, ನನ್ನ ಸೋದರಳಿಯ, ನಮ್ಮ ಜೊತೆಯಲ್ಲೇ ದೀಕ್ಷೆ ತೆಗೆದುಕೊಂಡವನು. ಅವನು ಹೇಳಿದ: “ಮಾವಾ, ಹುಡುಗಿ ಜಾಣೆ, ಒಪ್ತೀನಿ. ಆದ್ರೆ ದಿನಾ ಬಸ್ಸಲ್ಲಿ ಕಳ್ಸೋದು ಹೆಂಗೆ? ತಮ್ಮನ ಇಂಗ್ಲಿಷ್ ಮೀಡಿಯಂ ಫೀಸು ಬ್ಯಾರೆ ಕಟ್ಬೇಕು.”

ನಾನು ತಲೆದೂಗಿದೆ. ನಿಜ ಹೇಳುತ್ತೇನೆ, ಅವನ ಕಷ್ಟ ನನಗೆ ಸರಿ ಅನ್ನಿಸಿತು. ಆಗ ಒಳಗಿಂದ ಅಕ್ಕ ಕೇಳಿದಳು:

“ತಮ್ಮಾ, ನನ್ನ ಪಾಳಿಗೆ ಬಸ್ಸಿರ್ಲಿಲ್ಲ, ಹಾಸ್ಟೆಲ್ ಇರ್ಲಿಲ್ಲ, ದುಡ್ಡಿರ್ಲಿಲ್ಲ. ಇವಳ ಪಾಳಿಗೆ ಏನಿಲ್ಲ, ಹೇಳು?”

ಇಬ್ಬರಿಗೂ ಮಾತು ಹೊರಡಲಿಲ್ಲ. ಧಾರವಾಡದ ಹುಡುಗನಿಗೆ ಸರ್ಕಾರ ಕೊಟ್ಟ ಉತ್ತರವನ್ನೇ ನಾವು ನಮ್ಮ ಹುಡುಗಿಗೆ ಕೊಡುತ್ತಿದ್ದೆವು. ಅಪ್ಪ ಅಕ್ಕನಿಗೆ ಕೊಟ್ಟದ್ದೂ ಅದನ್ನೇ. ಅಪ್ಪನಿಗಾದರೂ ಬಡತನದ ಕಾರಣವಿತ್ತು.

ಒಂದು ವಿಷಯ ಎಲ್ಲರೂ ತಿಳಿದಿರಬೇಕು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಅದರಂತೆ ಬಂದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಅದು ಕಾಯುವುದು 6ರಿಂದ 14 ವರ್ಷದ ಮಕ್ಕಳನ್ನು, ಅಂದರೆ ಎಂಟನೇ ತರಗತಿಯವರೆಗೆ. ಅಲ್ಲಿಂದಾಚೆ ಮಗಳನ್ನು ಓದಿಸುವುದು ಬಿಡುವುದು ಮನೆಯವರ ಮನಸ್ಸಿಗೆ ಬಿಟ್ಟದ್ದು. ಕಾನೂನು ಕೈಬಿಡುವ ಜಾಗದಲ್ಲಿ ಕೈ ಹಿಡಿಯಬೇಕಾದದ್ದು ಧಮ್ಮ.

ಹುಡುಗಿಗೆ ಹಾಸ್ಟೆಲ್ ಅರ್ಜಿ ಹಾಕಿದ್ದೇವೆ, ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿದ್ದೇವೆ. ಹಾಸ್ಟೆಲ್ ಸಿಗುವವರೆಗೆ ಬಸ್ ಪಾಸಿನ ಖರ್ಚು ನನ್ನದು. ಇದು ಉಪಕಾರವಲ್ಲ, ಟ್ರಂಕಿನ ಸಾಲ. ಭಾನುವಾರ ವಂದನೆ ಮುಗಿದ ಮೇಲೆ ಅಕ್ಕ ಅದೇ ಮೊಮ್ಮಗಳ ಹತ್ತಿರ ಅಕ್ಷರ ಕಲಿಯುತ್ತಿದ್ದಾಳೆ. ಹೋದ ವಾರ ಬಸ್ಸಿನ ಬೋರ್ಡ್ ನೋಡಿ, ‘ಸೊ… ರ… ಬ’ ಎಂದು ಕೂಡಿಸಿ ಓದಿದಳು. ನನ್ನ ಮುಖ ನೋಡಿ ನಕ್ಕಳು. ನನಗೆ ನಗು ಬರಲಿಲ್ಲ.

*ಇಂದಿನ ಅಭ್ಯಾಸ*

1. ನಮ್ಮ ಮನೆಯ ಶಿಕ್ಷಣದ ಕಥೆಯಲ್ಲಿ ಬಿಟ್ಟುಹೋದ ಹೆಸರು ಯಾರದು? ಇಂದು ಅವರ ಜೊತೆ ಸ್ವಲ್ಪ ಹೊತ್ತು ಕೂತು ಮಾತಾಡೋಣ.
2. ‘ನಿನ್ನ ಮಾತು ಸರಿ, ಆದರೆ…’ ಎಂದು ನಾವು ಯಾರಿಗೆ ಹೇಳುತ್ತಿದ್ದೇವೆ?
3. ನಮ್ಮ ಬಳಗದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿಯರಿದ್ದರೆ ಈ ಗುಂಪಿನಲ್ಲಿ ತಿಳಿಸಿ. ಅರ್ಜಿ ತುಂಬಲು ನಾವಿದ್ದೇವೆ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.