ಹೊಲಕ್ಕೆ ಬಿಡುವ ನೀರು, ಮನೆಯಲ್ಲಿ ಕುಡಿಯುವ ನೀರು



ಔಷಧಿ ಹೊಡೆದ ಹೊಲದಲ್ಲಿ ಸೊಪ್ಪು ಕೀಳಬಾರದು ಅನ್ನೋದು ನಮಗೆಲ್ಲ ಗೊತ್ತು. ಆದರೆ ಮರುದಿನ ಅದೇ ಹೊಲಕ್ಕೆ ನೀರು ಹಾಯಿಸಿದಾಗ ಆ ಔಷಧಿ ಎಲ್ಲಿಗೆ ಹೋಗುತ್ತದೆ ಎಂದು ನಾವು ಯೋಚಿಸುವುದಿಲ್ಲ. (ಔಷಧಿ ಅಂತ ಬಾಯಿಮಾತಿಗೆ ಕರೆದರೂ ಅದು ವಿಷವೇ.) ಹೊಲದ ಬೋರ್‌ವೆಲ್‌ನಿಂದಲೇ ಮನೆಗೆ ಕುಡಿಯುವ ನೀರು ತರುವವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಅದಕ್ಕಾಗಿ ಈ ಪಾಠ.

ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳವನ್ನೇ ನೋಡೋಣ. ಬಿತ್ತಿದ ಎರಡು ಮೂರು ದಿನದೊಳಗೆ, ಕಳೆ ಏಳದಂತೆ ಅಟ್ರಾಜಿನ್ ಪುಡಿಯನ್ನು ನೀರಲ್ಲಿ ಕಲಸಿ ನೆಲಕ್ಕೆ ಹೊಡೆಯುತ್ತಾರೆ. ಇದು ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ವಿಷವಲ್ಲ. ನೀರು ಇಳಿದ ಕಡೆ ತಾನೂ ಇಳಿಯುತ್ತದೆ. ಮೇಲ್ಮಣ್ಣಿನಲ್ಲೇ ಉಳಿದರೆ ಸೂಕ್ಷ್ಮಜೀವಿಗಳು ಕೆಲವು ತಿಂಗಳಲ್ಲಿ ಅದನ್ನು ಬಹುಮಟ್ಟಿಗೆ ಒಡೆದು ಹಾಕುತ್ತವೆ. ಬೇರಿನಿಂದ ಕೆಳಗೆ ಆ ಜೀವಿಗಳು ಕಡಿಮೆ. ಅಂತರ್ಜಲ ಸೇರಿತೋ, ವರ್ಷಗಟ್ಟಲೆ ಅಲ್ಲೇ. ಯುರೋಪ್ ಒಕ್ಕೂಟವು ಅಂತರ್ಜಲ ಕೆಡುತ್ತದೆಂಬ ಕಾರಣಕ್ಕೆ 2004ರಲ್ಲಿ ಅಟ್ರಾಜಿನ್‌ಗೆ ಅನುಮತಿ ನಿರಾಕರಿಸಿತು. ಅಲ್ಲಿನ ಅಂತರ್ಜಲದಲ್ಲಿ ಅದರ ಅಂಶ ಈಗಲೂ ಸಿಗುತ್ತಿದೆ.

ಇನ್ನು ಲೆಕ್ಕ. ಸಂಘದ ಪುಸ್ತಕ ಬರೆಯುವ ನಮಗೆ ಇದೇನು ಕಷ್ಟವಲ್ಲ. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಿದರೆ ಸುಮಾರು ಒಂದು ಲಕ್ಷ ಲೀಟರ್. ಬೇರಿನ ಸುತ್ತಲ ಮಣ್ಣು ಎರಡು ಇಂಚು ಹಿಡಿಯುತ್ತದೆ ಅಂದುಕೊಳ್ಳಿ. ರಾತ್ರಿ ಕರೆಂಟ್ ಬಂತು ಅಂತ ಮೋಟಾರ್ ಹಾಕಿ ಮಲಗಿ, ಮೂರು ಇಂಚು ಹಾಯ್ದರೆ, ಹೆಚ್ಚಾದ ಒಂದು ಲಕ್ಷ ಲೀಟರ್ ವಿಷ ಹೊತ್ತುಕೊಂಡು ಕೆಳಗಿಳಿಯುತ್ತದೆ. ಕುಡಿಯುವ ನೀರಲ್ಲಿ ಅಟ್ರಾಜಿನ್ ಲೀಟರಿಗೆ 2 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ 2012ರ ಭಾರತೀಯ ಮಾನಕ. ಒಂದೇ ಒಂದು ಗ್ರಾಂ ಐದು ಲಕ್ಷ ಲೀಟರ್ ನೀರನ್ನು ಈ ಮಿತಿಗೆ ಮುಟ್ಟಿಸುತ್ತದೆ. ಅರ್ಧ ಕಿಲೋ 50% ಪುಡಿಯಲ್ಲಿ ಇರುವುದು 250 ಗ್ರಾಂ! ಇಷ್ಟು ಸೇರಿದರೂ ನೀರಿನ ಬಣ್ಣ, ವಾಸನೆ ಬದಲಾಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ.

ಎರೆಭೂಮಿಯವರು ಇನ್ನೂ ಹುಷಾರಾಗಿರಬೇಕು. ಒಣಗಿ ಬಿರುಕು ಬಿಟ್ಟ ಎರೆಗೆ ವಿಷ ಹೊಡೆದು ನೀರು ಹಾಯಿಸಿದರೆ, ಅದು ಮಣ್ಣಲ್ಲಿ ಸೋಸದೆ ಬಿರುಕಿನ ದಾರಿಯಲ್ಲೇ ಇಳಿದುಬಿಡುತ್ತದೆ. ಆದ್ದರಿಂದ ಮೊದಲು ನೆಲ ಹಸಿ ಮಾಡಿ, ಆಮೇಲೆ ಹೊಡೆಯಲಿ. ಅನಂತರ ಕೆಲವು ದಿನ ನೀರು ತೆಳುವಾಗಿ ಕೊಡಲಿ. ಜೋರು ಮಳೆ ಬರುವ ಸೂಚನೆ ಇದ್ದರೆ ಆ ದಿನ ಬೇಡ. ಹನಿ ನೀರಾವರಿ ಒಳ್ಳೆಯದೇ, ಆದರೆ ರಾತ್ರಿಯಿಡೀ ಬಿಟ್ಟರೆ ಅದೂ ಒಂದೇ, ಇದೂ ಒಂದೇ. ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣು ನೀರನ್ನೂ ವಿಷವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ವಿಷ ಕಲಸುವ ಡ್ರಮ್ಮಿಗೆ ನೀರು ಬಿಡುವಾಗ ಪೈಪಿನ ತುದಿ ಒಳಗೆ ಮುಳುಗಿರುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಪೈಪಿನ ನೀರು ಹಿಂದಕ್ಕೆ ಜಗ್ಗಿ, ಡ್ರಮ್ಮಿನ ವಿಷ ನೇರವಾಗಿ ಬಾವಿಗೆ ಸೇರಬಹುದು. ಪೈಪನ್ನು ಡ್ರಮ್ಮಿನಿಂದ ಒಂದು ಗೇಣು ಮೇಲೆ ಹಿಡಿಯುವುದಕ್ಕೆ ಖರ್ಚೇನೂ ಇಲ್ಲ. ಪಂಪನ್ನು ಬಾವಿಕಟ್ಟೆಯ ಮೇಲೆ ತೊಳೆಯುವುದೂ ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಿ: ನಮ್ಮ ಮನೆಗಳಲ್ಲಿ ಕುಡಿಯುವ ನೀರು ಯಾವ ಬೋರ್‌ನಿಂದ ಬರುತ್ತದೆ? ಅದರ ಸುತ್ತಲಿನ ಹೊಲಕ್ಕೆ ಏನು ಹೊಡೆಯುತ್ತಾರೆ, ಎಷ್ಟು ದಿನದ ಮೇಲೆ ನೀರು ಬಿಡುತ್ತಾರೆ? ಮನೆಯವರನ್ನು ಕೇಳಿ ಬರೆದುಕೊಂಡು ಬನ್ನಿ.